ತುರ್ತಿಗೆ ಯಾರನ್ನು ಕರೆಯಬೇಕು?

"ನಿಮಗೆ ಯಾರೂ ಇಲ್ವಾ?"

ಅವಳು ಕೇಳಿದ್ದು ಮೆಲ್ಲಗೇ. ಆದರೆ ಸರಿಯಾಗಿ ಆ ಕ್ಷಣಕ್ಕೇ ಪ್ರಿಂಟರಿನ ಸದ್ದು ನಿಂತುಹೋಯಿತು! ವೀಸಾ ಕಚೇರಿಯ ಬೆಂಚಿನ ಮೇಲೆ ಸರದಿಗಾಗಿ ಕಾಯುತ್ತಿದ್ದ ಏಳೂ ಜನ ಒಟ್ಟಿಗೆ ತಲೆಯೆತ್ತಿ ಅವನನ್ನು ನೋಡಿದರು.

ಅವನ ಕಿವಿ ಕೆಂಪಾಯಿತು.

"ಇಲ್ಲ ಮೇಡಂ. ಊರಿಗೆಲ್ಲ ಕೇಳೋ ಹಾಗೆ ಹೇಳ್ಬೇಕು ಅಂತ ಫಾರಂನಲ್ಲೇ ಇದ್ಯಾ?"

ಯಾರೋ ಕಿಸಕ್ಕನೆ ನಕ್ಕರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

"ಅಯ್ಯೋ, ಹಾಗಲ್ಲ... ಇಲ್ನೋಡಿ, ಐದನೇ ಪುಟ. 'ತುರ್ತು ಸಂದರ್ಭದಲ್ಲಿ ಸ್ವದೇಶದಲ್ಲಿ ಸಂಪರ್ಕಿಸಬೇಕಾದವರು.' ಇದನ್ನ ಖಾಲಿ ಬಿಟ್ರೆ ಮುಂದಿನ ಪುಟಾನೇ ತೆರೆಯಲ್ಲ."

"ಅಕ್ಕನ ನಂಬರ್ ಹಾಕಿ."

"ಅಕ್ಕ ಇರೋದು ನೀವು ಹೋಗೋ ದೇಶದಲ್ಲಿ. ಆಹ್ವಾನ ಪತ್ರ ಕಳಿಸಿದೋರೂ ಅವರೇ. ಅವರ ಹೆಸರು ನಡೆಯಲ್ಲ. ಇಲ್ಲಿರೋರು ಬೇಕು."

"ಇಲ್ಲಿ..." ಅವನು ನಿಜವಾಗಿಯೂ ಯೋಚಿಸಿದ. "ಇಲ್ಲಿ ಲಿಫ್ಟುಗಳಿವೆ."

ಅವನು ಲಿಫ್ಟ್ ರಿಪೇರಿಯವನು. ಈ ಕಟ್ಟಡವೂ ಸೇರಿ ಇಪ್ಪತ್ತಮೂರು ಕಟ್ಟಡಗಳ ಲಿಫ್ಟು ಅವನ ಕೈಯಲ್ಲಿ. ಅಪ್ಪ ಅಮ್ಮ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ಹತ್ತು ವರ್ಷ ದೊಡ್ಡವಳಾದ ಅಕ್ಕನೇ ಅವನನ್ನು ಸಾಕಿ, ಕೆಲಸ ಕಲಿಸಿ, ಆಮೇಲೆ ಮದುವೆಯಾಗಿ ವಿದೇಶಕ್ಕೆ ಹೋದಳು. ಹನ್ನೊಂದು ವರ್ಷವಾಯಿತು. ಈಗ ಅವಳ ಹೃದಯದ ಕವಾಟವೊಂದು ಕೆಟ್ಟಿದೆ. ಬರುವ ತಿಂಗಳ ಹದಿನಾರಕ್ಕೆ ಆಪರೇಷನ್.

"ಮತ್ತಿನ ಸೂಜಿ ಹಾಕೋ ಮುಂಚೆ ನಿನ್ನ ಮುಖ ಒಂದ್ಸಲ ನೋಡ್ಬೇಕು ಕಣೋ" ಎಂದಿದ್ದಳಂತೆ. ಅಷ್ಟಕ್ಕಾಗಿ ಅವನಿಗೆ ಸಂದರ್ಶಕರ ವೀಸಾ ಬೇಕಾಗಿತ್ತು.

ಇನ್ನು ಅವಳು? ನಾಲ್ಕನೇ ಮಹಡಿಯ ಆ ಪುಟ್ಟ ವೀಸಾ ಕಚೇರಿಯಲ್ಲಿ ಅವಳನ್ನು ಎಲ್ಲರೂ 'ಕೆಂಪು ಪೆನ್ನು' ಎಂದೇ ಕರೆಯುತ್ತಿದ್ದರು. ತುಂಬಿದ ಪ್ರತಿ ಫಾರಮನ್ನೂ ಪ್ರಿಂಟ್ ತೆಗೆದು, ಒಂದೊಂದು ಉತ್ತರದ ಪಕ್ಕಕ್ಕೂ ಕೆಂಪು ಪೆನ್ನಿನಲ್ಲಿ ಟಿಕ್ ಹಾಕದೆ ಅವಳಿಗೆ ಸಮಾಧಾನವಿಲ್ಲ. ಮನೆಗೆ ಹೋದ ಮೇಲೂ ಗ್ಯಾಸ್ ಆರಿಸಿದೆನಾ ಎನ್ನುವಂತೆ 'ಆ ಪಾಸ್‌ಪೋರ್ಟ್ ನಂಬರ್ ಸರಿ ಬರೆದೆನಾ?' ಎಂದು ಚಡಪಡಿಸುವ ಜೀವ. ಎಂಟು ವರ್ಷದಲ್ಲಿ ಅವಳ ಕೈಯಿಂದ ಒಂದೇ ಒಂದು ತಪ್ಪೂ ಆಗಿರಲಿಲ್ಲ.

ಅವನ ಕಾಗದಗಳನ್ನೂ ಹಾಗೇ ಜಾಲಾಡಿದ್ದಳು. ಪಾಸ್‌ಪೋರ್ಟಿಗೆ ವಾಪಸು ಬರುವ ದಿನದಿಂದಾಚೆಗೂ ಆರು ತಿಂಗಳ ಅವಧಿ ಇದೆಯೇ? ಇದೆ. ಎರಡು ಖಾಲಿ ಪುಟ? ಇದೆ. ಹೋಗಿಬರುವ ಟಿಕೆಟ್, ವಿಮೆ, ಕೆಲಸದ ಕಡೆಯಿಂದ ರಜೆಯ ಪತ್ರ... ಎಲ್ಲ ಇದೆ.

"ಫೋಟೋ ಮಾತ್ರ ಆಗಲ್ಲ," ಎಂದಿದ್ದಳು. "ನಕ್ಕಿದ್ದೀರ."

"ನಗ್ಬಾರ್ದಾ?"

"ವೀಸಾ ಫೋಟೋದಲ್ಲಿ ನಗ್ಬಾರ್ದು."

"ಅಕ್ಕನ್ನ ನೋಡೋಕೆ ಹೋಗ್ತಿರೋನು ಅಳ್ತಾ ಹೋಗ್ಬೇಕಾ ಮೇಡಂ?"

ಅವಳಿಗೂ ನಗು ಬಂದಿತ್ತು. ಎಂಟು ವರ್ಷದಲ್ಲಿ ಫಾರಂ ತುಂಬುವಾಗ ನಕ್ಕಿದ್ದು ಅದೇ ಮೊದಲು!

ಈಗ ಅವನು ಗ್ರೀಸು ಮೆತ್ತಿದ ಉಗುರುಗಳನ್ನು ಮೇಜಿನ ಕೆಳಗೆ ಮುಚ್ಚಿಟ್ಟುಕೊಂಡು ತಲೆ ತಗ್ಗಿಸಿದ್ದ. ಹಿಂದಿನ ಏಳು ಜನ ಇನ್ನೂ ನೋಡುತ್ತಲೇ ಇದ್ದರು.

'ನಾನೇ ಅಲ್ವಾ ಇವರ ಮಾನ ಕಳೆದದ್ದು...'

ಅವಳು ಸರಸರನೆ ತನ್ನ ಹೆಸರನ್ನೂ ಮೊಬೈಲ್ ನಂಬರನ್ನೂ ಒತ್ತಿಬಿಟ್ಟಳು.

"ಯಾರದ್ದು?" ಎಂದ ಅವನು.

"ನನ್ನದೇ. ತುರ್ತು ಅಂತ ಯಾರೂ ಫೋನ್ ಮಾಡಲ್ಲ ಬಿಡಿ. ಸುಮ್ನೆ ಕಾಲಂ ತುಂಬ್ಬೇಕು ಅಷ್ಟೆ."

ಅವನು ಅವಳನ್ನೇ ನೋಡಿದ. ಆ ನೋಟಕ್ಕೆ ಅವಳ ಬೆರಳು ತಡವರಿಸಿತು. ಕೆಳಗೆ ಇನ್ನೊಂದು ಕಾಲಂ ಇತ್ತು: 'ಅರ್ಜಿದಾರರಿಗೆ ಸಂಬಂಧ.'

ಏನೆಂದು ಬರೆಯುವುದು? ಗೆಳತಿ? ಛೆ! ಪರಿಚಯ? ಅದು ಪಟ್ಟಿಯಲ್ಲೇ ಇಲ್ಲ. ಆಮೇಲೆ ಯೋಚಿಸೋಣ... ಅಷ್ಟರಲ್ಲಿ ಒಳಗಿನಿಂದ ಯಜಮಾನರು ಕೂಗಿದರು. ಅವಳು ಎದ್ದು ಹೋದಳು.

ಆ ಕಚೇರಿಯಲ್ಲಿ ಒಂದು ರೂಢಿಯಿತ್ತು. ಹೊಸ ಫಾರಮನ್ನು ಖಾಲಿಯಿಂದ ಶುರುಮಾಡಿದರೆ ಒಂದು ಗಂಟೆ ಹಿಡಿಯುತ್ತದೆಂದು, ಅದೇ ದೇಶಕ್ಕೆ ಹೋದ ಹಿಂದಿನವರ ಫಾರಂ ತೆರೆದು ಅದರ ಮೇಲೇ ತಿದ್ದುತ್ತಿದ್ದರು. ಅವನಿಗಿಂತ ಮುಂಚೆ ಬಂದದ್ದು ಒಬ್ಬ ದಂತವೈದ್ಯರು. ಮನೆಯಲ್ಲಿ ಹೆಂಡತಿಯನ್ನು ಬಿಟ್ಟು ಹೊರಟವರು...

ಮಧ್ಯಾಹ್ನ ಪ್ರಿಂಟ್ ಕೈಗೆ ಬಂದಾಗ, ಐದನೇ ಪುಟದಲ್ಲಿ ತನ್ನದೇ ಹೆಸರನ್ನು ಅವನ ಅರ್ಜಿಯಲ್ಲಿ ಕಂಡು ಅವಳಿಗೆ ಎಂಥದೋ ನಾಚಿಕೆ. ಪಕ್ಕದ ಮೇಜಿನವರು ನೋಡಿದರೆ ಏನೆಂದುಕೊಂಡಾರು? ಆ ಸಾಲುಗಳನ್ನು ಸರಿಯಾಗಿ ನೋಡದೆಯೇ ಟಕಟಕನೆ ಟಿಕ್ ಹಾಕಿ ಪುಟ ತಿರುವಿದಳು.

"ಓದಿ ಸಹಿ ಮಾಡಿ," ಎಂದು ಅವನ ಮುಂದಿಟ್ಟಳು.

ಅವನು ಓದಿದ. ಬಹಳ ಹೊತ್ತು ಓದಿದ. ಐದನೇ ಪುಟಕ್ಕೆ ಬಂದು ನಿಂತ. ಆಮೇಲೆ ಸಹಿ ಹಾಕಿದ.

* * *

ವೀಸಾ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಆ ಕಟ್ಟಡದ ಲಿಫ್ಟನ್ನು ನೋಡಲು ಅವನು ಮೂರು ಸಲ ಬಂದ. ಮೂರು ಸಲವೂ ನಾಲ್ಕನೇ ಮಹಡಿಗೆ ಬಂದು ಬಾಗಿಲಲ್ಲಿ ನಿಂತ.

"ಮೇಡಂ, ಒಂದು ವಿಷಯ..."

"ಹೇಳಿ."

"ಏನಿಲ್ಲ. ಲಿಫ್ಟ್ ಸರಿ ಇದೆ. ಧೈರ್ಯವಾಗಿ ಹತ್ತಿ."

ನಾಲ್ಕು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತುತ್ತಿದ್ದವಳು ಅವಳು. ಮೂರನೆಯ ಸಲ ಅವನು ಹೋದ ಮೇಲೆ, ಕಣ್ಣು ಮುಚ್ಚಿಕೊಂಡು ಲಿಫ್ಟಿನೊಳಗೆ ಕಾಲಿಟ್ಟಳು. ಅದು ಅಲುಗಾಡದೆ ಕೆಳಗಿಳಿಯಿತು. ಅವಳ ಎದೆ ಮಾತ್ರ ಮೇಲೆಯೇ ಎಲ್ಲೋ ಉಳಿದುಬಿಟ್ಟಿತು...

ಹೊರಡುವ ದಿನ ಅವನ ಕಾಗದಗಳನ್ನೆಲ್ಲ ಪಾರದರ್ಶಕ ಫೈಲಿನಲ್ಲಿ ಜೋಡಿಸಿಕೊಟ್ಟಳು.

"ಇದು ಸೂಟ್‌ಕೇಸಿಗೆ ಹೋಗ್ಬಾರ್ದು, ಕೈಯಲ್ಲೇ ಇರ್ಬೇಕು. ವೀಸಾ ಇದ್ದ ಮಾತ್ರಕ್ಕೆ ಒಳಗೆ ಬಿಡ್ಲೇಬೇಕು ಅಂತಿಲ್ಲ. ಅಲ್ಲಿನ ಅಧಿಕಾರಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ತಮಾಷೆ ಮಾಡ್ಬೇಡಿ. ಉಪಕರಣ ಏನೂ ತಗೊಂಡಿಲ್ಲ ತಾನೇ? ಕೆಲಸಕ್ಕೆ ಬಂದಿದೀರಾ ಅಂತಾರೆ."

"ಸ್ಕ್ರೂಡ್ರೈವರ್ ಇಲ್ಲದೆ ಹೋಗ್ತಿರೋದು ಇದೇ ಮೊದಲು. ಬಟ್ಟೆ ಇಲ್ಲದ ಹಾಗಾಗ್ತಿದೆ."

"ನೋಡಿ, ಇಂಥದ್ದೇ ಅಲ್ಲಿ ಹೇಳ್ಬೇಡಿ ಅಂದದ್ದು!"

ಅವನು ನಕ್ಕ. ಮತ್ತೆ ಏನೋ ಹೇಳಲು ಬಾಯಿ ತೆರೆದ. ಕೊನೆಗೆ, "ಬರ್ತೀನಿ," ಎಂದಷ್ಟೇ ಹೇಳಿ ಹೋದ.

'ಬರ್ತೀನಿ...' ಆ ಒಂದು ಮಾತನ್ನು ಅವಳು ಮನೆಗೆ ಹೋಗುವವರೆಗೂ ಬಾಯಲ್ಲಿಟ್ಟುಕೊಂಡ ಕಲ್ಲುಸಕ್ಕರೆಯಂತೆ ಚೀಪುತ್ತಲೇ ಇದ್ದಳು.

* * *

ಮರುದಿನ ಬೆಳಗ್ಗೆ ಒಂಬತ್ತೂಕಾಲು. ಅವಳು ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ಮೊಬೈಲ್ ಹೊಡೆದುಕೊಂಡಿತು. ವಿದೇಶದ ನಂಬರು!

ಗಂಡಸಿನ ಧ್ವನಿಯೊಂದು ಅವಳ ಹೆಸರು ಕೇಳಿ ಖಚಿತಪಡಿಸಿಕೊಂಡಿತು. ತಾನು ವಿಮಾನ ನಿಲ್ದಾಣದ ಪ್ರವೇಶ ಅಧಿಕಾರಿ ಎಂದಿತು. ಲಿಫ್ಟ್ ರಿಪೇರಿಯವನ ಪಾಸ್‌ಪೋರ್ಟ್ ನಂಬರನ್ನು ಓದಿತು.

"ಈ ಪ್ರಯಾಣಿಕರು ನಿಮಗೇನಾಗಬೇಕು?"

"ಅವರಿಗೆ ಏನಾದ್ರೂ ಆಯ್ತಾ? ಹುಷಾರಾಗಿದಾರಾ?"

"ಅವರು ಕ್ಷೇಮ. ಪ್ರಶ್ನೆಗೆ ಉತ್ತರಿಸಿ."

"ನಮ್ಮ... ನಮ್ಮ ಕಚೇರಿಯ ಗ್ರಾಹಕರು."

ಆ ಕಡೆ ಕಾಗದ ತಿರುವಿದ ಸದ್ದು.

"ನೀವು ಅವರ ಪತ್ನಿ ಅಲ್ಲವೇ?"

"ಪತ್ನೀನಾ! ಇಲ್ಲ ಸರ್! ನನಗೆ ಮದುವೇನೇ ಆಗಿಲ್ಲ!"

"ಧನ್ಯವಾದ."

ಫೋನ್ ಕಟ್ಟಾಯಿತು.

ಪತ್ನಿ? ಆ ಪದ ಅವರಿಗೆ ಸಿಕ್ಕಿದ್ದಾದರೂ ಎಲ್ಲಿ? ಅವನ ಫೈಲು ತೆರೆದಳು. ಮೂರನೇ ಪುಟ: ಅವಿವಾಹಿತ. ಸರಿ ಇದೆ, ತಾನೇ ತಿದ್ದಿದ್ದು. ನಾಲ್ಕನೇ ಪುಟ... ಐದನೇ ಪುಟ...

ತನ್ನ ಹೆಸರು. ತನ್ನ ನಂಬರು. ಕೆಳಗೆ, ಅರ್ಜಿದಾರರಿಗೆ ಸಂಬಂಧ:

ಪತ್ನಿ.

ದಂತವೈದ್ಯರ ಫಾರಂನಲ್ಲಿ ಅವರ ಹೆಂಡತಿಗೆಂದು ಇದ್ದ, ತಾನು ತಿದ್ದದೆ ಬಿಟ್ಟ ಪದ! ಅದರ ಪಕ್ಕದಲ್ಲಿ, ತನ್ನದೇ ಕೈಯಿಂದ, ಕೆಂಪು ಟಿಕ್!

ತಿರುಗಿ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಅವನ ನಂಬರು, ಸ್ವಿಚ್ ಆಫ್. ಇವತ್ತು ಹದಿನಾಲ್ಕು. ಹದಿನಾರಕ್ಕೆ ಆಪರೇಷನ್...

'ನಾನು ಮಾಡಿದ ತಪ್ಪು. ಪತ್ನಿ ಅಲ್ಲ ಅಂತ ಅಂದದ್ದೂ ನಾನೇ. ಚಿವುಟಿದವಳೂ ನಾನೇ, ಕಿರುಚಿದವಳೂ ನಾನೇ!'

ಹನ್ನೊಂದು ಗಂಟೆಗೆ ಅವನಿಂದ ಎರಡೇ ಸಾಲಿನ ಸಂದೇಶ ಬಂತು. "ಒಳಗೆ ಬಿಡಲಿಲ್ಲ. ನಾಳೆ ಸಂಜೆಯ ವಿಮಾನಕ್ಕೆ ವಾಪಸ್, ಅಲ್ಲೀವರೆಗೂ ಇಲ್ಲೇ ಕೂತಿರಬೇಕು."

ಅದನ್ನು ಓದಿ ಯಜಮಾನರು ತಲೆ ಮೇಲೆ ಕೈ ಹೊತ್ತರು. "ಸುಳ್ಳು ಮಾಹಿತಿ ಅಂತ ಬರೆದ್ರೆ ಐದು ವರ್ಷ ಆ ಹುಡುಗ ಆ ಕಡೆ ತಲೆ ಹಾಕೋ ಹಾಗಿಲ್ಲ, ಗೊತ್ತಾ?"

"ಗೊತ್ತು ಸರ್. ಅದಕ್ಕೇ ಅಲ್ಲಿನ ಅಧಿಕಾರಿಗೆ ಕಾಗದ ಬರೀತಿದೀನಿ. ತಪ್ಪು ಅರ್ಜಿದಾರರದ್ದಲ್ಲ, ಫಾರಂ ತುಂಬಿದ ನನ್ನದು ಅಂತ. ದಂತವೈದ್ಯರ ಫಾರಂ ಮೇಲೆ ತಿದ್ದಿದ್ದನ್ನೂ ಬರೀತೀನಿ."

"ಏನಮ್ಮ, ನನ್ನ ಲೈಸೆನ್ಸು..."

"ಬೇಕಾದ್ರೆ ನನ್ನನ್ನ ಕೆಲಸದಿಂದ ತೆಗೀರಿ ಸರ್. ಆದ್ರೆ ಕಾಗದ ಹೋಗ್ಬೇಕು."

ಎಂಟು ವರ್ಷದಲ್ಲಿ ಅವಳು ಅವರೆದುರು ಇಷ್ಟು ಜೋರಾಗಿ ಮಾತಾಡಿದ್ದೇ ಇಲ್ಲ. ಯಜಮಾನರು ಕಾಗದವನ್ನು ಓದಿದರು. ಗೊಣಗಿದರು. ಕೊನೆಗೆ ಡ್ರಾಯರಿನಿಂದ ಕಚೇರಿಯ ಮೊಹರು ತೆಗೆದು ತಾವೇ ಒತ್ತಿದರು.

"ಮೊಹರಿಲ್ಲದ ಕಾಗದಕ್ಕೆ ಬೆಲೆ ಇಲ್ಲ. ಸ್ಕ್ಯಾನ್ ಮಾಡಿ ಈಗ್ಲೇ ಮೇಲ್ ಕಳಿಸು," ಎಂದರು.

* * *

ಹದಿನಾರರ ಬೆಳಗ್ಗೆ ವಿಮಾನ ನಿಲ್ದಾಣದ ಆಗಮನದ ಹಜಾರದಲ್ಲಿ ಅವಳು ನಿಂತಿದ್ದಳು. ಅವನು ಬಂದ. ಗಡ್ಡ ಬೆಳೆದಿತ್ತು. ಅವಳು ಕೊಟ್ಟ ಫೈಲನ್ನು ಎದೆಗೆ ಒತ್ತಿಕೊಂಡೇ ಇದ್ದ.

"ಕ್ಷಮಿಸಿ..." ಎನ್ನುವಷ್ಟರಲ್ಲಿ ಅವಳಿಗೆ ಅಳು ಬಂದುಬಿಟ್ಟಿತು.

"ನಿಮ್ಮ ಕಾಗದ ಬಂತು," ಎಂದ ಅವನು. "ನನ್ನೆದುರಿಗೇ ಗಟ್ಟಿಯಾಗಿ ಓದಿದ್ರು. ಅದರಿಂದ್ಲೇ ಉಳ್ಕೊಂಡೆ. ನಿಷೇಧ ಅಂತ ಬರೀಲಿಲ್ಲ. ಪ್ರವೇಶ ಇಲ್ಲ ಅಂತ ಮೊಹರು ಹೊಡೆದು, ಹೊಸದಾಗಿ ಅರ್ಜಿ ಹಾಕು ಅಂದ್ರು."

"ಆದ್ರೆ ನೀವು ಅವರಿಗೆ ನಿಜ ಹೇಳ್ಬೋದಿತ್ತಲ್ಲ! ಫಾರಂನಲ್ಲಿ ತಪ್ಪಾಗಿದೆ ಅಂದಿದ್ರೆ..."

"ತಪ್ಪಾಗಿದ್ರೆ ತುಂಬಿದೋರು ಯಾರು ಅಂತ ಕೇಳಿದ್ರು. ಬರ್ಕೊಳ್ಳೋಕೆ ಪೆನ್ನು ತೆಗೆದ್ರು. ನಿಮ್ಮ ಕೆಲಸ ಹೋಗುತ್ತಲ್ಲ ಅನ್ನಿಸ್ತು. ತಪ್ಪೇನಿಲ್ಲ, ಪತ್ನೀನೇ, ಮೊನ್ನೆ ತಾನೇ ಮದುವೆ ಆಯ್ತು ಅಂದ್ಬಿಟ್ಟೆ."

ಅವಳು ಬೆಚ್ಚಿಬಿದ್ದಳು. ಅವಳನ್ನು ಉಳಿಸಲು ಅವನು ಸುಳ್ಳು ಹೇಳಿದ್ದ. ಅದೇ ಹೊತ್ತಿಗೆ ಅವಳು ನಿಜ ಹೇಳಿದ್ದಳು!

"ಇನ್ನೊಂದಿದೆ..." ಅವನು ನೆಲ ನೋಡಿದ. "ಅದನ್ನ ನಾನು ಮೊದಲೇ ಓದಿದ್ದೆ."

"ಏನನ್ನ?"

"ಐದನೇ ಪುಟಾನ. ಸಹಿ ಹಾಕೋ ದಿನಾನೇ."

ಜನ ಸೂಟ್‌ಕೇಸ್ ಉರುಳಿಸಿಕೊಂಡು ಅವರಿಬ್ಬರ ಆಚೆ ಈಚೆ ಹಾದುಹೋಗುತ್ತಿದ್ದರು. ಅವಳಿಗೆ ಯಾವ ಸದ್ದೂ ಕೇಳಿಸಲಿಲ್ಲ.

"ಓದಿದ್ರಾ? ಓದಿ ಸುಮ್ಮನಿದ್ರಾ? ಒಂದು ಮಾತು ಹೇಳೋಕೆ ಏನು ಧಾಡಿ ನಿಮಗೆ!"

"ಮೂರು ಸಲ ಹೇಳೋಕೇ ಬಂದಿದ್ದು. ನಿಮ್ಮ ಲಿಫ್ಟಿಗೆ ಏನೂ ಆಗಿರ್ಲಿಲ್ಲ." ಅವನ ಧ್ವನಿ ತಗ್ಗಿತು. "ಹನ್ನೊಂದು ವರ್ಷದಿಂದ ಯಾವ ಕಾಗದದಲ್ಲೂ ನನ್ನ ಹೆಸರಿನ ಜೊತೆ ಇನ್ನೊಂದು ಹೆಸರು ಇರ್ಲಿಲ್ಲ. ಅಲ್ಲಿ ಇತ್ತು. ನಿಮ್ದೇ ಟಿಕ್ ಬೇರೆ ಇತ್ತು. ಅಳಿಸಿ ಅನ್ನೋಕೆ ಮನಸ್ಸು ಬರ್ಲಿಲ್ಲ. ಆ ಪುಟಾನ ಯಾರು ಓದ್ತಾರೆ ಅಂದ್ಕೊಂಡೆ..."

"ಅಕ್ಕ ಮುಖ ನೋಡ್ಬೇಕು ಅಂದಿದ್ರು! ಒಂದು ಪದಕ್ಕೆ ಅವರನ್ನ ಪಣಕ್ಕಿಟ್ರಾ?"

ಅವಳು ಸರ್ರನೆ ತಿರುಗಿ ನಡೆದಳು. ಹೊರಗಿನ ಗಾಜಿನ ಬಾಗಿಲು ಅವಳಿಗಾಗಿ ತೆರೆದುಕೊಂಡಿತು.

ಅವಳು ದಾಟಲಿಲ್ಲ.

'ಪದ ತಿದ್ದದೆ ಬಿಟ್ಟವಳು ನಾನು. ನೋಡದೆ ಟಿಕ್ ಹಾಕಿದವಳು ನಾನು. ಯಾಕೆ ನೋಡಲಿಲ್ಲ? ನಾಚಿಕೆಯಾಯಿತು... ಯಾಕೆ ನಾಚಿಕೆಯಾಯಿತು?'

ಉತ್ತರ ಅವಳಿಗೆ ಅಂದೇ ಗೊತ್ತಿತ್ತು!

ಬಾಗಿಲು ಕಾದು ಕಾದು ತಾನೇ ಮುಚ್ಚಿಕೊಂಡಿತು. ಅವಳು ಹಿಂದಿರುಗಿ ಬಂದು, ಅಷ್ಟರಲ್ಲಿ ಅವನು ಹೋಗಿ ಕೂತಿದ್ದ ಕಬ್ಬಿಣದ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಕೋಪ ಹೋಗಿಲ್ಲ," ಎಂದಳು. "ಎಷ್ಟೊತ್ತಿಗೆ ಆಪರೇಷನ್?"

"ಇಲ್ಲಿಯ ಲೆಕ್ಕಕ್ಕೆ ಹನ್ನೆರಡಕ್ಕೆ ಶುರು."

ಹನ್ನೆರಡಾಯಿತು. ಒಂದಾಯಿತು. ಅವಳು ತಂದ ಟೀ ಇಬ್ಬರ ನಡುವೆ ತಣ್ಣಗಾಯಿತು. ಎರಡೂವರೆಗೆ ಅವನು ಫೋನನ್ನು ನೋಡಿ ಕೆಳಗಿಟ್ಟು, ಬೆಂಚಿನ ಮೇಲೆ ಕೈಯೂರಿದ. ಗ್ರೀಸು ಇಲ್ಲದ, ತೊಳೆದು ಬಿಳುಚಿದ ಕೈ. ಅವಳು ಅದರ ಮೇಲೆ ತನ್ನ ಕೈ ಇಟ್ಟಳು.

ನಾಲ್ಕು ಗಂಟೆಗೆ ಅವನ ಭಾವನ ಫೋನು.

"ಮುಗೀತು ಕಣಪ್ಪ. ಗಂಡಾಂತರ ಕಳೀತು. ನೀನೆಲ್ಲಿ ಅಂತ ಎರಡು ಸಲ ಕೇಳಿದ್ಲು, ಮತ್ತಿನ ಸೂಜಿ ಹಾಕೋ ಮುಂಚೆ. ದಾರೀಲಿದಾನೆ ಅಂದೆ."

ಅವನು ಫೋನಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ಅವಳು ನೋಡಿರಲೇ ಇಲ್ಲ! ಬೆಂಚಿನ ಆ ತುದಿ ಈ ತುದಿ ಎಂಬುದು ಆಮೇಲೆ ಉಳಿಯಲಿಲ್ಲ.

* * *

ಎಂಟು ದಿನದ ನಂತರ ಮತ್ತೆ ವಿದೇಶದ ನಂಬರು. ಅವಳು ತಟಕ್ಕನೆ ಎತ್ತಿದಳು.

"ಹಲೋ... ತುರ್ತಿಗೆ ಕರೆಯೋ ನಂಬರು ಇದೇನಾ?" ಹೆಣ್ಣು ಧ್ವನಿ. ನಿತ್ರಾಣವಾದದ್ದು, ಆದರೂ ಒಳಗೆಲ್ಲೋ ತುಂಟತನ.

"ಹೌದು... ಯಾರು?"

"ನಾನು ಅವನ ಅಕ್ಕ. ಅಲ್ಲಮ್ಮ, ತಮ್ಮನಿಗೆ ಮದುವೆ ಆಗಿದೆ ಅಂತ ನನಗೆ ಏರ್‌ಪೋರ್ಟಿನೋರು ಫೋನ್ ಮಾಡಿ ಹೇಳ್ಬೇಕಾ? ಆಪರೇಷನ್ನಿಗೆ ಮುಂಚೇನೇ ಹೃದಯ ನಿಲ್ಲೋದ್ರಲ್ಲಿತ್ತು!"

"ಅಕ್ಕ, ಕ್ಷಮಿಸಿ... ಎಲ್ಲ ನನ್ನ..."

"ಇರಲಿ ಬಿಡು, ಅವನು ಎಲ್ಲ ಹೇಳಿದಾನೆ. ಅವನೂ ಕಮ್ಮಿ ಇಲ್ಲ. ತಪ್ಪು ಮಾಡಿದ್ರೆ ಬಾಯಿಗೆ ಬೀಗ ಹಾಕ್ಕೊಳ್ಳೋನು, ಚಿಕ್ಕಂದಿನಿಂದ್ಲೂ." ಅಕ್ಕ ಉಸಿರು ತೆಗೆದುಕೊಳ್ಳಲು ನಿಂತಳು. "ಅವನು ಬೇಡ ಅನ್ನಿಸಿದ್ರೆ ಧೈರ್ಯವಾಗಿ ಹೇಳ್ಬಿಡು, ನನಗೇನೂ ಬೇಜಾರಿಲ್ಲ. ಆದ್ರೆ ಈ ಸಲಾನೂ ಫಾರಂ ನೀನೇ ತುಂಬು. ನನ್ನ ತಮ್ಮನ್ನ ಕಳಿಸ್ಕೊಡು."

ಮರುದಿನ ಅವನು ಬಂದ. ಲಿಫ್ಟಿನ ನೆಪ ಹೇಳಲಿಲ್ಲ. ಎದುರು ಕುರ್ಚಿಯಲ್ಲಿ ಕೂತ. ಹೊಸ ಫೋಟೋ ಕೊಟ್ಟ. ಅದರಲ್ಲಿ ನಗು ಇರಲಿಲ್ಲ.

ಅವಳು ಯಾರ ಹಳೆಯ ಫಾರಮನ್ನೂ ತೆರೆಯಲಿಲ್ಲ. ಖಾಲಿ ಫಾರಂ. ಮೊದಲಿನಿಂದ.

"'ಹಿಂದೆ ಯಾವುದಾದರೂ ದೇಶ ಪ್ರವೇಶ ನಿರಾಕರಿಸಿದೆಯೇ?' ಹೌದು ಅಂತ ಬರೀತಿದೀನಿ. ಕಾರಣಾನೂ ಇದ್ದ ಹಾಗೇ."

"ಇದ್ದ ಹಾಗೇ ಬರೀರಿ."

ಮೂರನೇ ಪುಟ. ನಾಲ್ಕನೇ ಪುಟ. ಐದನೇ ಪುಟಕ್ಕೆ ಬಂದಾಗ ಪ್ರಿಂಟರ್ ಓಡುತ್ತಲೇ ಇತ್ತು, ಸದ್ಯ! ಬೆಂಚಿನ ಮೇಲಿನವರು ತಮ್ಮ ಪಾಡಿಗೆ ತಾವಿದ್ದರು.

"ತುರ್ತಿಗೆ ಯಾರು?" ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

"ನಿಮ್ಮ ಅಭ್ಯಂತರ ಇಲ್ದಿದ್ರೆ... ನೀವೇ."

"ಸಂಬಂಧ?"

ಅವನು ಮೇಜಿನ ಮೇಲಿನ ಫೋಟೋವನ್ನು ಸರಿಮಾಡತೊಡಗಿದ. ಅವಳು ತಿರುಗಿ ನೋಡಿದಳು. ಅವನ ಕಿವಿ ಮತ್ತೆ ಕೆಂಪಾಗಿತ್ತು.

"ಬಾಯಿಗೆ ಬೀಗ ಹಾಕ್ಕೊಂಡ್ರೆ ಆಗಲ್ಲ. ಅಕ್ಕ ಹೇಳಿದಾರೆ," ಎಂದಳು. "ಏನಿದ್ರೂ ಇವತ್ತು ಹೇಳ್ಬೇಕು."

"ಆವತ್ತು ಆ ಅಧಿಕಾರಿ ಹತ್ರ ಸುಳ್ಳು ಹೇಳಿದೆ. ಆದ್ರೆ ಹೇಳುವಾಗ ಸುಳ್ಳು ಹೇಳ್ತಿದೀನಿ ಅಂತ ಅನ್ನಿಸ್ಲೇ ಇಲ್ಲ." ಅವನು ನೇರ ಅವಳ ಕಡೆ ನೋಡಿದ. "ನನ್ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿ ಪರದೆಯ ಅಕ್ಷರಗಳೆಲ್ಲ ಕಲಸಿಹೋದವು. ತಪ್ಪಾದೀತೆಂದು ಕಣ್ಣೊರೆಸಿಕೊಂಡಳು. ಪಟ್ಟಿಯಲ್ಲಿ ಕೊನೆಗಿದ್ದ 'ಇತರೆ' ಒತ್ತಿದಳು. 'ವಿವರಿಸಿ' ಎಂದಿತು ಫಾರಂ. ಅವಳು ಒಂದೊಂದೇ ಅಕ್ಷರ ಒತ್ತಿ, ಪರದೆಯನ್ನು ಅವನ ಕಡೆ ತಿರುಗಿಸಿದಳು.

"ಓದಿ. ಈ ಸಲ ಮನಸ್ಸಿನಲ್ಲಲ್ಲ, ಬಾಯಿಬಿಟ್ಟು ಓದಿ."

"ಮದುವೆ... ನಿಶ್ಚಯವಾಗಿದೆ."

"ತಪ್ಪೇನಾದ್ರೂ ಇದ್ಯಾ? ಇದ್ರೆ ಈಗ್ಲೇ ಹೇಳಿ."

"ಇಲ್ಲ."

"ಇನ್ನೊಂದ್ಸಲ ನೋಡಿ."

ಅವನು ಪರದೆಯನ್ನು ನೋಡಲಿಲ್ಲ. ಅವಳನ್ನು ನೋಡಿದ. ಫೋಟೋದಲ್ಲಿ ಇಲ್ಲದ ನಗು ಮುಖದ ತುಂಬ ಬಂತು.

"ನೋಡಿದೆ. ಸರಿಯಾಗೇ ಇದೆ."

ಅವಳು ಕೆಂಪು ಪೆನ್ನಿನ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟಳು.

"ಹಾಗಾದ್ರೆ ಪ್ರಿಂಟ್ ಬಂದ್ಮೇಲೆ ಆ ಒಂದು ಟಿಕ್ ಮಾತ್ರ ನೀವೇ ಹಾಕಿ."